ತೂತು ಬಿದ್ದ ಗುಲಗಂಜಿ

ಮೌನಪ್ಪ ಪತ್ತಾರ ಅಂತ ಒಬ್ಬ ಅಕ್ಕಸಾಲಿಗ ಇದ್ದ. ಬಂಗಾರ ತೂಗಲು ಅವನ ತಕ್ಕಡಿಗೆ ಗುಲಗಂಜಿಯೇ ತೂಕದ ಬಟ್ಟು. ಕೆಂಪು ಕಾಳು, ತುದಿಗೆ ಕಾಡಿಗೆಯಂಥ ಕಪ್ಪು. ನೋಡಿದರೆ ಕಣ್ಣು ಕೀಳಲಾಗದು ಮಕ್ಕಳೇ, ಅಷ್ಟು ಚೆಂದ. ಕುರಿ ಕಾಯುವ ಹುಲಿಗೆವ್ವ ಬೇಲಿಯ ಬಳ್ಳಿಯಿಂದ ಬಿಡಿಸಿ ತಂದುಕೊಡುತ್ತಿದ್ದಳು.

ಮೌನಪ್ಪನ ಮೊಮ್ಮಗಳು ಕಾಳಮ್ಮನಿಗೆ ಆಗ ಹಲ್ಲು ಬರುವ ಕಾಲ. ಸಿಕ್ಕಿದ್ದೆಲ್ಲ ಬಾಯಿಗೆ. ಕೂಸಿಗೆ ದೃಷ್ಟಿ ತಾಗಬಾರದು ಅಂತ ಮೌನಪ್ಪ ಗುಲಗಂಜಿ ಸರ ಮಾಡಲು ಕೂತ. ಸಣ್ಣ ಬೈರಿಗೆಯಿಂದ ಒಂದೊಂದೇ ಕಾಳಿಗೆ ತೂತು ಹಾಕಿದ.

ಹುಲಿಗೆವ್ವ ನೋಡಿ ಎದೆ ಬಡಿದುಕೊಂಡಳು.

"ಪತ್ತಾರಪ್ಪಾ, ತೂತು ಹಾಕಬ್ಯಾಡ! ಸಿಪ್ಪಿ ಗಟ್ಟಿ ಇರೂತನಕ ಅದು ಬರೇ ಕಾಳು. ಸಿಪ್ಪಿ ಒಡೀತಂದ್ರ ಒಳಗ ವಿಷ ಐತಿ. ಅಗದು ತಿಂದು ನನ್ನ ಎರಡು ಕುರಿ ಸತ್ತು ಹೋಗ್ಯಾವ."

"ಏ ಮುದುಕಿ, ಸಣ್ಣಾಂವಿದ್ದಾಗ ನಾನೇ ಒಂದು ನುಂಗೀನಿ. ಮರುದಿನ ಇಡೀ ಕಾಳು ಹಂಗ ಹೊರಗ ಬಂತು. ನಮ್ಮಪ್ಪ ಅದನ್ನ ತೊಳದು ಮತ್ತ ತಕ್ಕಡಿಗೆ ಹಾಕಿದ!"

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹುಲಿಗೆವ್ವ ತಲೆ ತಗ್ಗಿಸಿ ಹೋದಳು. ಸರ ಕೂಸಿನ ಕೊರಳಿಗೆ ಬಿತ್ತು.

ವಾರ ಕಳೆಯಲಿಲ್ಲ, ಕೂಸು ಎರಡು ಕಾಳು ಕಚ್ಚಿ ಅಗಿದುಬಿಟ್ಟಿತು. ಆ ದಿನ ಏನೂ ಆಗಲಿಲ್ಲ. ಆಡಿತು, ನಕ್ಕಿತು. "ನಾ ಹೇಳಿದ್ದಿಲ್ಲೇನು?" ಅಂದ ಮೌನಪ್ಪ. ಮರುದಿನ ವಾಂತಿ. ಆಮೇಲೆ ರಕ್ತ ಬೀಳಲು ಶುರುವಾಯಿತು. ನೀರೂ ಒಳಗೆ ನಿಲ್ಲಲಿಲ್ಲ. ಮೌನಪ್ಪ ಕೂಸನ್ನೆತ್ತಿಕೊಂಡು ಬರಿಗಾಲಲ್ಲಿ ಕುರಿಹಟ್ಟಿಗೆ ಓಡಿದ.

"ಹುಲಿಗೆವ್ವಾ, ಮದ್ದು ಕೊಡು ತಾಯಿ!"

"ಇದಕ್ಕ ಮದ್ದು ನನ್ನ ಹತ್ರ ಇಲ್ಲಪ್ಪ."

"ಮತ್ತ ನಾನ್ಯಾಕ ಸಾಯಲಿಲ್ಲ?"

ಮುದುಕಿ ಕೂಸಿನ ತಣ್ಣಗಾಗುತ್ತಿದ್ದ ಪಾದ ತಿಕ್ಕುತ್ತಾ ಅಂದಳು: "ನೀ ನುಂಗಿದ ಕಾಳಿನ ಸಿಪ್ಪಿ ಯಾರೂ ಒಡದಿರಲಿಲ್ಲ, ಮೌನಪ್ಪಾ."

ಅವನು ತೂತು ಹಾಕಿದ ತನ್ನ ಕೈ ನೋಡಿಕೊಂಡ. ಕೂಸು ಒಮ್ಮೆ ಬಿಕ್ಕಿತು. ಮತ್ತೆ ಬಿಕ್ಕಲಿಲ್ಲ. ಹಟ್ಟಿಯ ಕುರಿಗಳು ಮೇಯಲು ಹೋಗಬೇಕೆಂದು ಒದರುತ್ತಲೇ ಇದ್ದವು; ಬಿಡಲು ಯಾರೂ ಏಳಲಿಲ್ಲ.

ನೀತಿ: ನಾವು ಒಮ್ಮೆ ಹೇಗೋ ಬದುಕಿ ಉಳಿದದ್ದು ತಿಳಿವಳಿಕೆಯಲ್ಲ ಮಕ್ಕಳೇ, ಅದು ಬರೀ ಅದೃಷ್ಟ. ಕಂಡು ನೊಂದವರು ಬೇಡ ಅಂದಾಗ ನಗಬೇಡಿ, ಯಾಕೆ ಅಂತ ಕೇಳಿ.