ಹಿಡಿಯ ಆ ಅರ್ಧ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡಗಳು ಆಗಷ್ಟೇ ಬಿಸಿಲಿಗೆ ಒಣಗಲು ಕೂತಿದ್ದವು. ಹೊಳೆಗೂ ಗಾಳಿಗೂ ಎಮ್ಮೆಗೂ ಮಾತು ಬರುತ್ತಿತ್ತು. ಆಗ ತೊಗಲಿನ ಚೀಲಕ್ಕೆ ಮುಪ್ಪೇ ಇರಲಿಲ್ಲ. ಹೊಲಿದ ದಿನ ಹೇಗಿತ್ತೋ, ಎಷ್ಟು ವರ್ಷವಾದರೂ ಹಾಗೇ.

ಅದಕ್ಕೆ ಕಾರಣ ದುರುಗವ್ವ. ಲೋಕದ ಮೊದಲ ಚೀಲ ಹೊಲಿದವಳು ಅವಳೇ. ಮಹಾ ಹಟಮಾರಿ. ತೊಗಲು ಆರಿಸುವಾಗ ಬಿಸಿಲಿಗೆ ಹಿಡಿದು ಹಿಡಿದು ನೋಡುವಳು. ಮುಳ್ಳು ಗೀರಿದ ಗೆರೆಯಿದ್ದರೆ ಬೇಡ, ಉಣುಗು ಕಚ್ಚಿದ ಚುಕ್ಕೆಯಿದ್ದರೆ ಬೇಡ, ಕತ್ತಿನ ಸುಕ್ಕಿದ್ದರೆ ಬೇಡವೇ ಬೇಡ.

ತೊಗಲಿನ ಒಳಗಡೆ, ಮಾಂಸ ಅಂಟಿದ ಕಡೆ ಹೆರೆಯಲೇಬೇಕು, ಅದು ಸರಿ. ಇವಳು ಕೂದಲಿದ್ದ ಹೊರಮೈಯನ್ನೂ ಹೆರೆದು ತೆಗೆಯುವಳು. ಆ ಹೊರಮೈಗೆ ತೊಗಲಿನ ಮುಖ ಎಂದು ಹೆಸರು. ಅದು ಹೋದರೆ ತೊಗಲಿನ ಮೇಲೆ ಗುರುತೂ ಕೂರದು, ಮುಪ್ಪೂ ಬಾರದು.

"ಮುಖ ಹೆರೀಬ್ಯಾಡವ್ವ," ಎಂದು ಅವಳ ಎಮ್ಮೆ ಬೋರಿ ಹೇಳುತ್ತಿತ್ತು. "ನಮ್ಮ ನೆನಪೆಲ್ಲ ಅದ್ರಾಗ ಇರ್ತೈತಿ."

"ನೆನಪು ತಗೊಂಡು ಏನ್ ಮಾಡ್ಲಿ? ತೊಗಲಿನ ಮ್ಯಾಲೆ ಒಂದು ಕಲೆ ಇರಬಾರದು, ಅಷ್ಟ."

ಅತಿಯಾದರೆ ಗತಿಗೇಡು ಎಂದು ಅವಳಿಗೆ ಯಾರು ಹೇಳಬೇಕು? ಗಾದೆಗಳೇ ಆಗಿನ್ನೂ ಹುಟ್ಟಿರಲಿಲ್ಲ.

ದುರುಗವ್ವನಿಗೆ ಒಬ್ಬಳೇ ಮಗಳು, ಸುಂಕಿ. ದಿನಾ ಇಬ್ಬರೂ ತೊಗಲು ಹದ ಮಾಡಲು ತಂಗಡಿ ಗಿಡದ ಚಕ್ಕೆ ಕೀಳಲು ಹೋಗುವರು. ಚೀಲ ತುಂಬಿದರೆ ಅದರ ಹಿಡಿಯ ಅರ್ಧ ತಾಯಿಯ ಕೈಯಲ್ಲಿ, ಇನ್ನರ್ಧ ಮಗಳ ಕೈಯಲ್ಲಿ.

"ಯವ್ವಾ, ನನ್ನ ಕಡೀನ ಭಾರ ಐತಿ!"

"ಸುಳ್ಳಿ! ಭಾರೆಲ್ಲ ನನ್ನ ಕಡೀಗೈತಿ."

ಮನೆ ಮುಟ್ಟುವವರೆಗೂ ಇದೇ ಜಗಳ, ಇದೇ ನಗು.

ಒಂದು ಚಳಿಗಾಲ ಸುಂಕಿಗೆ ಜ್ವರ ಬಂತು. ಮೂರನೆಯ ದಿನ ಮಗು ಹೋಗಿಬಿಟ್ಟಿತು.

ದುರುಗವ್ವ ಹೊಳೆಯ ದಂಡೆಗೆ ಓಡಿದಳು. "ಹೊಳೆವ್ವಾ, ನನ್ನ ಮಗಳ ಹೆಜ್ಜಿ ಒಂದರ ಇಟ್ಕೊಂಡೀಯೇನ?"

"ಇಲ್ಲ ನನ್ನವ್ವ. ಎಲ್ಲ ತೊಳೆದುಬಿಟ್ನಿ. ನನ್ನ ಕೆಲಸಾನ ಅದು."

ಗಾಳಿಯನ್ನು ಕೇಳಿದಳು. "ಅಕೀ ನಗು ಒಂದರ ಇಟ್ಕೊಂಡೀಯೇನಪಾ?"

"ಇಲ್ಲವ್ವ. ಎಲ್ಲೋ ಚೆಲ್ಲಿಬಿಟ್ನಿ."

ಆಗ ಚೀಲ ನೆನಪಾಯಿತು. ಆ ಹಿಡಿಯನ್ನು ಮಗಳು ಎಷ್ಟು ದಿನ ಹಿಡಿದಿದ್ದಳು! ಓಡಿಬಂದು ತಿರುಗಿಸಿ ತಿರುಗಿಸಿ ನೋಡಿದಳು. ಹಿಡಿ ನುಣ್ಣಗೆ, ಬೆಳ್ಳಗೆ, ನಿನ್ನೆ ಹೊಲಿದಂತೆ ಇತ್ತು. ಒಂದು ಬೆರಳಿನ ಗುರುತೂ ಇರಲಿಲ್ಲ. ಇರುವುದಾದರೂ ಹೇಗೆ? ಅದರ ಮುಖವನ್ನು ಅವಳೇ ಹೆರೆದಿದ್ದಳು. ಹೊಳೆಯನ್ನು ಬೈಯಬಹುದು, ಗಾಳಿಯನ್ನು ಬೈಯಬಹುದು. ತನ್ನ ಕೈಯನ್ನು ಏನೆಂದು ಬೈಯುವುದು? ದುರುಗವ್ವ ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತಳು.

ಮುದಿ ಬೋರಿ ಹತ್ತಿರ ಬಂದು ನಿಂತಿತು. "ನಂದೂ ಕಾಲ ಮುಗೀತವ್ವ. ನಾ ಸತ್ತ ಮ್ಯಾಲೆ ನನ್ನ ತೊಗಲಿಂದ ಚೀಲ ಹೊಲಿ. ಮುಖ ಮಾತ್ರ ಹೆರೀಬ್ಯಾಡ."

ಹಾಗೇ ಮಾಡಿದಳು. ಬೋರಿಯ ಮೈಮೇಲಿನ ಮುಳ್ಳುಗೀರು, ಉಣುಗಿನ ಚುಕ್ಕೆ, ಕತ್ತಿನ ಸುಕ್ಕು ಎಲ್ಲವನ್ನೂ ಬಿಟ್ಟಳು. ತಂಗಡಿ ಚಕ್ಕೆಯ ನೀರಿನಲ್ಲಿ ಹದ ಮಾಡಿ, ಗೋಧಿ ಬಣ್ಣದ ಚೀಲ ಹೊಲಿದಳು. ದಿನಾ ಒಬ್ಬಳೇ ಚಕ್ಕೆಗೆ ಹೋದಳು. ಹಿಡಿಯಲ್ಲಿ ತನ್ನ ಅರ್ಧವನ್ನಷ್ಟೇ ಹಿಡಿದಳು. ಮಗಳ ಅರ್ಧವನ್ನು ಮಗಳಿಗೇ ಬಿಟ್ಟಳು.

ಹಾಗೆ ಹಿಡಿದರೆ ಚೀಲ ವಾಲುತ್ತಿತ್ತು. "ಭಾರೆಲ್ಲ ನನ್ನ ಕಡೀಗೈತವ್ವ," ಎನ್ನುತ್ತಿದ್ದಳು. ಜಗಳಕ್ಕೆ ಯಾರೂ ಬರಲಿಲ್ಲ.

ವರ್ಷಗಳು ಕಳೆದವು. ಅವಳ ಕೈಯ ಬೆವರನ್ನೂ ಎಣ್ಣೆಯನ್ನೂ ಆ ತೊಗಲು ಕುಡಿಯಿತು. ಅವಳು ಹಿಡಿದ ಅರ್ಧ ಮೊದಲು ಜೇನಿನ ಬಣ್ಣಕ್ಕೆ ತಿರುಗಿತು, ಆಮೇಲೆ ಹಳೇ ಹುಣಸೆಯ ಬಣ್ಣಕ್ಕೆ. ಮಗಳ ಅರ್ಧ ಗೋಧಿ ಬಣ್ಣದಲ್ಲೇ ಉಳಿಯಿತು. ದಿನಾ ಬೆಳಗ್ಗೆ ಎದ್ದು ಆ ಅರ್ಧವನ್ನೇ ನೋಡುವಳು. ಅದು ಒಂದು ದಿನವೂ ಕಪ್ಪಾಗಲಿಲ್ಲ.

ಅವಳಿಗೆ ಸಮಾಧಾನ ಸಿಕ್ಕಿತೇ ಎಂದರೆ, ಇಲ್ಲ. ನಾನು ಸುಳ್ಳು ಹೇಳಲಾರೆ. ಕಡೆಗೂ ತನ್ನ ಅರ್ಧ ಹಿಡಿದುಕೊಂಡೇ ಕಣ್ಣು ಮುಚ್ಚಿದಳು.

ಅಂದಿನಿಂದ ಬಲ್ಲವರು ತೊಗಲಿನ ಮುಖ ಹೆರೆಯುವುದಿಲ್ಲ. ನಿಮ್ಮ ಮನೆಯ ಹಳೇ ತೊಗಲಿನ ಚೀಲ ತೆಗೆದು ನೋಡು ಕಂದಾ: ದಿನಾ ಕೈ ಹಿಡಿದ ಕಡೆ ಕಪ್ಪಾಗಿರುತ್ತದೆ, ಯಾರ ಕೈಯೂ ಬಾರದ ಕಡೆ ಇನ್ನೂ ಹೊಸದರ ಹಾಗೇ ಇರುತ್ತದೆ.