ಒದ್ದೆಯಾಗದ ಕಲ್ಲು

ಶಿಷ್ಯ ಸಂಗಣ್ಣ ಕೇಳಿದ: “ಗುರುಗಳೇ, ನನಗೆ ಹೊಳೆದಂಡೆಯ ಊರೊಂದರ ಅಧಿಕಾರ ಸಿಕ್ಕಿದೆ. ನಾಳೆ ಹೋಗಿ ಸೇರಬೇಕು. ಹೊಳೆ ಎಲ್ಲಿಯವರೆಗೆ ಏರುತ್ತದೆ, ಯಾವಾಗ ಜನರನ್ನು ಎಬ್ಬಿಸಬೇಕು ಎಂದು ನಾನು ತಿಳಿಯುವುದು ಹೇಗೆ?”

“ಊರು ನೋಡಿದ್ದೀಯಾ?”

“ಇನ್ನೂ ಇಲ್ಲ. ಕಡತಗಳನ್ನು ಓದಿದ್ದೇನೆ. ಹೋದ ಮಳೆಗಾಲದಲ್ಲಿಯೂ ಎಲ್ಲ ನಿಯಮದಂತೆಯೇ ನಡೆದಿದೆ ಎಂದು ಬರೆದಿದೆ.”

ಗುರು, “ಬರೆದದ್ದನ್ನು ಚೆನ್ನಾಗಿ ಓದುತ್ತೀಯೆ. ಬಿಸಿಲಲ್ಲಿ ಬಂದಿದ್ದೀಯೆ, ಮೊದಲು ನೀರು ಕುಡಿ. ಆಮೇಲೆ ಒಂದು ಕತೆ ಕೇಳು,” ಎಂದರು. ಸಂಗಣ್ಣ ಮೂಲೆಯಲ್ಲಿದ್ದ ಮಣ್ಣಿನ ಗಡಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿದು, ಬಂದು ಕೂತ. ಗುರು ಹೇಳತೊಡಗಿದರು.

ಹೊಳೆಯ ದಂಡೆಯ ಮೇಲೆ ಒಂದು ಊರು. ಊರಿಗೆ ಎರಡು ಓಣಿ. ಮೇಲಿನ ಓಣಿಯಲ್ಲಿ ವ್ಯಾಪಾರಿಗಳು, ಕೆಳಗಿನ ಓಣಿಯಲ್ಲಿ ಕುಂಬಾರರು. ಕುಂಬಾರರಿಗೆ ಹೊಳೆಯ ಮಣ್ಣು ಬೇಕು, ನೀರೂ ಬೇಕು. ಅವರು ಅಲ್ಲಿ ಮನೆ ಮಾಡಿದ್ದು ಹುಚ್ಚಿನಿಂದಲ್ಲ. ಹಿಂದೊಮ್ಮೆ ಹೊಳೆ ಉಕ್ಕಿ ಆ ಓಣಿಯನ್ನು ಬಳಿದುಕೊಂಡು ಹೋಗಿತ್ತು. ಆಗ ಉಳಿದ ಹಿರಿಯರು ದಂಡೆಯಲ್ಲಿ ಒಂದು ಕಲ್ಲು ನೆಟ್ಟರು. ಒಂದು ಕಟ್ಟಳೆಯನ್ನೂ ಮಾಡಿದರು. ನೀರು ಕಲ್ಲಿನ ಪಾದ ಮುಟ್ಟಿದ ಕೂಡಲೇ ಅಧಿಕಾರಿ ಡಂಗುರ ಹೊಡೆಸಬೇಕು. ಡಂಗುರ ಕೇಳಿದ ಕೂಡಲೇ ಮೇಲಿನ ಓಣಿಯ ಪ್ರತಿ ಮನೆಯಿಂದ ಇಬ್ಬರು ಗಂಡಸರು ಕೆಳಗಿಳಿಯಬೇಕು. ನಡೆಯಲಾಗದವರನ್ನು ಹೊತ್ತು ತಂದು ತಮ್ಮ ಪಡಸಾಲೆಯಲ್ಲಿ ಮಲಗಿಸಬೇಕು. ನೀರು ಇಳಿಯುವ ತನಕ ಅವರಿಗೆ ಅನ್ನ ಹಾಕಬೇಕು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಕಲ್ಲು ಮುಟ್ಟಿದ ನೀರು ಓಣಿಗೆ ಬರಲು ಅರ್ಧ ದಿನ ಬೇಕು ಎಂದು ಅವರು ಕಣ್ಣಾರೆ ನೋಡಿದ್ದರು, ಅಷ್ಟೆ.

ಕಾಲ ಕಳೆಯಿತು. ಪ್ರಾಣ ಉಳಿಸಿದ ಕಲ್ಲಿಗೆ ಜನ ಅರಿಶಿನ ಹಚ್ಚಿದರು, ಸೀರೆ ಉಡಿಸಿದರು, ಹೊಳೆಯವ್ವ ಎಂದು ಕರೆದರು. ಅದರಲ್ಲಿ ತಪ್ಪೇನಿಲ್ಲ. ಪೂಜೆಯ ಜೊತೆಗೆ ಕಟ್ಟಳೆಯೂ ನಡೆದುಕೊಂಡು ಬಂತು.

ಆಮೇಲೆ ಒಬ್ಬ ಹೊಸ ಅಧಿಕಾರಿ ಬಂದ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಅವನ ಕಾಲದಲ್ಲಿ ಎರಡು ಮಳೆಗಾಲ ನೀರು ಕಲ್ಲನ್ನು ಮುಟ್ಟಿ, ಓಣಿಗೆ ಬರದೆ ಹಿಂದೆ ಸರಿಯಿತು. ಎರಡು ಸಲವೂ ವ್ಯಾಪಾರಿಗಳು ಅಂಗಡಿ ಮುಚ್ಚಿ ಮುದುಕರನ್ನು ಹೊತ್ತರು. ಎರಡು ಸಲವೂ ಅವರ ಪಡಸಾಲೆ ಕೆಸರಾಯಿತು. ಅವರಿಗೆ ಸಾಕಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಅವರಲ್ಲಿ ಹಿರಿಯನೊಬ್ಬ ಅಧಿಕಾರಿಯ ಮುಂದೆ ಕೈಮುಗಿದು ನಿಂತ.

“ವರ್ಷಾ ವರ್ಷಾ ಹೊಳಿಯವ್ವ ಕೆಸರಾಗ ನಿಲ್ಲತಾಳ್ರಿ ಸಾಹೇಬ್ರ. ನೋಡಾಕ ಆಗಂಗಿಲ್ಲ. ಅಲ್ಲೇ ಒಂದಾಳೆತ್ತರ ಕಟ್ಟಿ ಕಟ್ಟಿಸಿ ಅಕಿನ್ನ ಮ್ಯಾಲ ಕುಂದರಸೂಣ್ರಿ.”

ಅಧಿಕಾರಿಗೆ ದೇವರೆಂದರೆ ಭಕ್ತಿ. ಒಪ್ಪಿದ. ಕಟ್ಟೆ ಎದ್ದಿತು, ಕಲ್ಲು ಕಟ್ಟೆಯ ಮೇಲೆ ಹೋಗಿ ಕೂತಿತು. ಊರಿಗೆಲ್ಲ ಹೋಳಿಗೆ ಊಟವಾಯಿತು. ಕೆಳಗಿನ ಓಣಿಯವರೂ ಬಂದು ಉಂಡರು. ಅವ್ವನಿಗೆ ಒಳ್ಳೆಯ ಜಾಗವಾಯಿತೆಂದು ಕೈಯೆತ್ತಿ ಮುಗಿದರು. ದುಂಡವ್ವ ಎಂಬ ಕುಂಬಾರರ ಹೆಂಗಸು ಒಬ್ಬಳು ಮಾತ್ರ ಎಲೆಯ ಮುಂದೆ ಕೂರಲಿಲ್ಲ. ಅವಳ ಗಂಡನಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಡಂಗುರವಾದಾಗಲೆಲ್ಲ ನಾಲ್ವರು ಅವನನ್ನು ಕಂಬಳಿಯಲ್ಲಿ ಹೊತ್ತು ಮೇಲೆ ತರುತ್ತಿದ್ದರು.

ಅವಳು ಅಧಿಕಾರಿಯನ್ನು ಕೇಳಿದಳು: “ಕಲ್ಲು ಎತ್ತಿದ್ರಿ, ಚಲೋ ಆತ್ರಿ. ನನ್ನ ಮನಿ ಯಾವಾಗ ಎತ್ತತೀರಿ?”

ಸುತ್ತ ಇದ್ದವರು ನಕ್ಕರು. ಅಧಿಕಾರಿಯೂ ನಕ್ಕ. “ಅವ್ವ ಎತ್ತರದಲ್ಲಿ ಕೂತು ನಿನ್ನ ಮನೆ ನೋಡಿಕೊಳ್ಳುತ್ತಾಳೆ. ಹೋಗಮ್ಮ, ಊಟ ಮಾಡು,” ಎಂದ.

ಮುಂದಿನ ಮಳೆಗಾಲದಲ್ಲಿ ಹೊಳೆ ಬಂತು. ಬೆಳಿಗ್ಗೆಯೇ ನೀರು ಕಟ್ಟೆಯ ಬುಡವನ್ನು ಮುಟ್ಟಿ ಮೇಲೇರತೊಡಗಿತು. ಅಧಿಕಾರಿ ಆಳನ್ನು ಕಳಿಸಿದ. ಆಳು ನೋಡಿ ಬಂದು, ಕಲ್ಲಿನ ಪಾದ ಒಣಗಿದೆ ಎಂದ. ಅಧಿಕಾರಿ ಹಾಗೆಯೇ ಬರೆದುಕೊಂಡ. ಅವನು ಕೂತಿದ್ದ ಚಾವಡಿಯಿಂದ ಕೆಳಗಿನ ಓಣಿಗೆ ನೂರು ಹೆಜ್ಜೆ. ಅವನು ಇಳಿದು ನೋಡಲಿಲ್ಲ.

ದುಂಡವ್ವ ಚಾವಡಿಗೆ ಓಡಿ ಬಂದಳು. ಮಡಕೆ ಸುಡುವ ಆವಿಗೆಗೆ ನೀರು ನುಗ್ಗಿದೆ, ಇನ್ನು ಮನೆಗೇ ಬರುವುದು, ಡಂಗುರ ಹೊಡೆಸಿ ಎಂದಳು. ಕಲ್ಲು ಒಣಗಿದೆಯಲ್ಲ ಎಂದ ಅಧಿಕಾರಿ.

“ಕಲ್ಲು ಒಣಗೇತ್ರಿ, ಖರೆ. ನನ್ನ ಸೀರಿ ನೋಡ್ರಿ,” ಎಂದಳು ಅವಳು. ಸೀರೆ ಮೊಣಕಾಲಿನ ತನಕ ಒದ್ದೆಯಾಗಿತ್ತು.

ಸೀರೆಯ ಬಗ್ಗೆ ಕಟ್ಟಳೆಯಲ್ಲಿ ಏನೂ ಇರಲಿಲ್ಲ.

ಅವಳು ಮೇಲಿನ ಓಣಿಯ ಬಾಗಿಲುಗಳನ್ನು ತಟ್ಟಿದಳು. ಡಂಗುರ ಆಗಿಲ್ಲವಲ್ಲ, ಆಗಲಿ, ಬರುತ್ತೇವೆ ಎಂದರು. ಅವಳು ನಾಲ್ವರ ಕೆಲಸಕ್ಕೆ ಒಬ್ಬಳೇ ಇಳಿದಳು. ಗಂಡನನ್ನು ಕಂಬಳಿಯ ಮೇಲೆ ಹಾಕಿ ಎಳೆದಳು. ಹೊಸ್ತಿಲು ದಾಟಿಸಿದಳು. ಓಣಿಯ ಅರ್ಧದವರೆಗೂ ತಂದಳು. ಅಲ್ಲಿ ನೀರು ಕಂಬಳಿಯನ್ನು ಅವಳ ಕೈಯಿಂದ ಕಿತ್ತುಕೊಂಡಿತು. ಆ ದಿನ ಹಾಗೆ ಹೋದವರು ಹನ್ನೊಂದು ಮಂದಿ. ಕಾಲಿದ್ದವರು ಹೇಗೋ ಏರಿ ಬಂದರು. ಹೋದವರೆಲ್ಲ ಇನ್ನೊಬ್ಬರು ಹೊರಬೇಕಾಗಿದ್ದವರು.

ಹೊತ್ತು ಇಳಿಯುವಾಗ ನೀರು ಕಲ್ಲಿನ ಪಾದ ಮುಟ್ಟಿತು. ಅಧಿಕಾರಿ ಒಂದು ಕ್ಷಣವೂ ತಡಮಾಡದೆ ಡಂಗುರ ಹೊಡೆಸಿದ. ಮೇಲಿನ ಓಣಿಯವರೂ ಮಾತಿಗೆ ತಪ್ಪಲಿಲ್ಲ, ಮನೆಗಿಬ್ಬರಂತೆ ಇಳಿದು ಬಂದರು. ಹೊರುವುದಕ್ಕೆ ಯಾರೂ ಉಳಿದಿರಲಿಲ್ಲ.

ಮೇಲಧಿಕಾರಿ ವಿಚಾರಣೆಗೆ ಬರುತ್ತಾನೆಂದು ಸುದ್ದಿಯಾಯಿತು. ಕಲ್ಲಿನ ಪಾದ ಮೊದಲು ಎಲ್ಲಿತ್ತು ಎಂದು ಅವನಿಗೆ ಕಾಣಲಿ ಎಂದು ದುಂಡವ್ವ ಕಟ್ಟೆಯ ಬುಡದಲ್ಲಿ ಕೆಮ್ಮಣ್ಣಿನಿಂದ ಒಂದು ಗೆರೆ ಎಳೆದಳು. ಅವನು ಬರುವ ಹಿಂದಿನ ದಿನ ಅದರ ಮೇಲೆ ಸುಣ್ಣ ಬಳಿದರು. ದೇವರ ಕಟ್ಟೆ ಚೊಕ್ಕಟವಾಗಿರಬೇಕಲ್ಲ! ಮೇಲಧಿಕಾರಿ ಬಂದು ಬರಹ ನೋಡಿದ. ನೀರು ಕಲ್ಲು ಮುಟ್ಟಿದ ಗಳಿಗೆ, ಡಂಗುರ ಹೊಡೆದ ಗಳಿಗೆ, ಎರಡೂ ಒಂದೇ ಆಗಿತ್ತು. ಒಂದಕ್ಷರ ತಪ್ಪಿರಲಿಲ್ಲ. ಎಲ್ಲ ನಿಯಮದಂತೆಯೇ ನಡೆದಿದೆ ಎಂದು ಬರೆದು ಹೋದ.

ಅವನು ಹೋದ ಮೇಲೆ ವ್ಯಾಪಾರಿಗಳು ಮತ್ತೆ ಬಂದು ಕೈಮುಗಿದರು. ಇಷ್ಟು ಎತ್ತರ ಕೂರಿಸಿದರೂ ಅವ್ವನ ಪಾದ ಈ ಸಲ ಕೆಸರಾಯಿತು, ಕಟ್ಟೆಯನ್ನು ಇನ್ನೊಂದಾಳು ಏರಿಸಬೇಕು ಎಂದರು. ಅಧಿಕಾರಿ ಅದಕ್ಕೂ ಕಾಗದ ಸಿದ್ಧಮಾಡಿಸಿದ.

ಗುರು ಮಾತು ನಿಲ್ಲಿಸಿದರು. ಸಂಗಣ್ಣ ಕೇಳಿದ: “ಆ ಹೆಂಗಸು ಏನಾದಳು?”

“ನೀನು ಆಗಲೇ ನೀರು ಬಗ್ಗಿಸಿಕೊಂಡೆಯಲ್ಲ, ಆ ಗಡಿಗೆ ಅವಳು ಮಾಡಿದ್ದು. ಈ ಮಠದ ಹಿಂದೆಯೇ ಇದ್ದಾಳೆ. ಹೊಳೆಯ ಕಡೆ ಹೋಗುವುದಿಲ್ಲ.”

ಸಂಗಣ್ಣ ಗಡಿಗೆಯ ಕಡೆ ತಿರುಗಿ ನೋಡಿದ. “ಆ ಅಧಿಕಾರಿ?” ಎಂದ.

“ಅವನಿಗೆ ಬಡ್ತಿಯಾಯಿತು, ಕಟ್ಟೆ ಏರಿಸುವ ಕಾಗದ ಅಲ್ಲಿ ನಿನ್ನ ಸಹಿಗೆ ಕಾಯುತ್ತಿದೆ.”