ಕುಸ್ತಿ ನಡೆಸುವವನ ಪತ್ರಿಕೆ

ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ: "ಗುರುಗಳೇ, ಕುಸ್ತಿ ಪಂದ್ಯ ನಡೆಸುವ ಸಾಹುಕಾರರೊಬ್ಬರು ಕ್ರೀಡಾ ವಾರಪತ್ರಿಕೆಯೊಂದನ್ನು ಕೊಂಡಿದ್ದಾರೆ. ಅದರಲ್ಲಿ ಬರೆಯಲು ನನ್ನನ್ನು ಕರೆದಿದ್ದಾರೆ. ಬರೆದದ್ದರಲ್ಲಿ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಅವರ ಸಂಬಳ ತೆಗೆದುಕೊಂಡು ಅವರದೇ ಪಂದ್ಯದ ಬಗ್ಗೆ ನಿಜ ಬರೆಯಲು ಆಗುತ್ತದೆಯೇ?"

ಇಂಥ ಪ್ರಶ್ನೆ ಗುರುಗಳಿಗೆ ಹೊಸದಲ್ಲ. ದಣಿದ ದನಿಯಲ್ಲಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕುಸ್ತಿ ಪಂದ್ಯ ಏರ್ಪಡಿಸುವುದು ಅವನ ಕಸುಬು. ಯಾವ ಪೈಲ್ವಾನನಿಗೆ ಯಾರು ಜೋಡಿ ಎಂದು ಗೊತ್ತುಮಾಡುವವನು ಅವನೇ. ಅಖಾಡದ ಮಣ್ಣು ಹದ ಮಾಡಿಸುವವನು, ಟಿಕೆಟ್ ಮಾರಿಸುವವನು ಅವನೇ. ಅದೇ ಊರಿನಲ್ಲಿ ಒಂದು ವಾರಪತ್ರಿಕೆಯಿತ್ತು. ಅದರಲ್ಲಿ ಒಬ್ಬ ಬರಹಗಾರನಿದ್ದ. ಅವನು ಗರಡಿಗಳಿಗೆ ಹೋಗಿ, ಪೈಲ್ವಾನರು ತಾಲೀಮು ಮಾಡುವುದನ್ನು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದ. ಯಾರ ಪಟ್ಟು ಬಿಗಿಯಾಗಿದೆ, ಯಾರಿಗೆ ಬೇಗ ಉಸಿರು ಕಟ್ಟುತ್ತದೆ, ಯಾವ ಜೋಡಿ ಸಮವಲ್ಲ, ಎಲ್ಲ ಬರೆಯುತ್ತಿದ್ದ. ಜೋಡಿ ಸಮವಲ್ಲ ಎಂದು ಅವನು ಬರೆದರೆ ಜನ ಹೋಗುತ್ತಿರಲಿಲ್ಲ. ವರ್ತಕ ಬೇರೆ ಜೋಡಿ ಹುಡುಕಬೇಕಾಗುತ್ತಿತ್ತು. ಪೈಲ್ವಾನರು ಅವನನ್ನು ಬೈಯುತ್ತಿದ್ದರು. ಆದರೆ ಅವನು ಏನು ಬರೆದಿದ್ದಾನೆ ಎಂದು ನೋಡದೆ ಯಾರೂ ಅಖಾಡಕ್ಕೆ ಇಳಿಯುತ್ತಿರಲಿಲ್ಲ.

ಪತ್ರಿಕೆಯ ಮಾಲೀಕನಿಗೆ ವಯಸ್ಸಾಯಿತು. ನಡೆಸಲಾರದೆ ಮಾರಲು ಹೊರಟ. ಆ ಊರಿನಲ್ಲಿ ಕೊಳ್ಳುವ ಶಕ್ತಿಯಿದ್ದವನು ವರ್ತಕನೊಬ್ಬನೇ. ಕೊಂಡ ದಿನವೇ ಅವನು ಬರಹಗಾರನನ್ನು ಕರೆಸಿ, ಇಷ್ಟು ದಿನ ಹೇಗೆ ಬರೆಯುತ್ತಿದ್ದಿರೋ ಹಾಗೆಯೇ ಬರೆಯಿರಿ, ನಾನು ಒಂದು ಅಕ್ಷರವನ್ನೂ ತಿದ್ದುವುದಿಲ್ಲ ಎಂದ. ಆ ಮಾತಿಗೆ ಅವನು ಕೊನೆಯವರೆಗೂ ತಪ್ಪಲಿಲ್ಲ.

ಸ್ವಲ್ಪ ದಿನಗಳ ಮೇಲೆ ಬರಹಗಾರ ಒಂದು ಜೋಡಿ ಸಮವಲ್ಲ ಎಂದು ಬರೆದ. ಜನ ಬರಲಿಲ್ಲ. ವರ್ತಕ ಏನೂ ಅನ್ನಲಿಲ್ಲ. ಎದುರಾದಾಗ ಎಂದಿನಂತೆಯೇ ನಮಸ್ಕಾರ ಮಾಡಿದ. ಆದರೆ ಆ ತಿಂಗಳು ಅಚ್ಚುಕೂಟದವರಿಗೆ ಸಂಬಳ ತಡವಾಯಿತು. ಮೊದಲು ವರ್ತಕನಿಗೆ ನಷ್ಟವಾದರೆ ಅದು ವರ್ತಕನ ನಷ್ಟವಾಗಿತ್ತು. ಈಗ ಅದು ಪತ್ರಿಕೆಯ ನಷ್ಟವೂ ಆಗಿತ್ತು. ಅಚ್ಚಿನ ಮೊಳೆ ಜೋಡಿಸುವವನು, ಮನೆಯಲ್ಲಿ ಮಗಳ ಬಾಣಂತನ, ಈ ತಿಂಗಳೇ ಹೀಗಾಯಿತಲ್ಲ ಎಂದು ಪಕ್ಕದವನಿಗೆ ಹೇಳುತ್ತಿದ್ದುದು ಬರಹಗಾರನ ಕಿವಿಗೆ ಬಿತ್ತು. ಯಾರೂ ಅವನನ್ನು ದೂರಲಿಲ್ಲ.

ಅಂದಿನಿಂದ ಅವನು ಬರೆಯುವ ಮುಂಚೆ ಸ್ವಲ್ಪ ಯೋಚಿಸತೊಡಗಿದ. 'ಸಮವಲ್ಲ' ಎನ್ನಬೇಕಾದ ಕಡೆ 'ಕುತೂಹಲದ ಜೋಡಿ' ಎಂದು ಬರೆದ. 'ಉಸಿರು ಕಟ್ಟುತ್ತದೆ' ಎನ್ನಬೇಕಾದ ಕಡೆ 'ಇನ್ನಷ್ಟು ತಾಲೀಮು ಬೇಕು' ಎಂದು ಬರೆದ. ಅದರಲ್ಲಿ ಯಾವುದೂ ಸುಳ್ಳಾಗಿರಲಿಲ್ಲ.

ಆ ಊರಿನಲ್ಲಿ ಒಬ್ಬ ಹಿರಿಯ ಪೈಲ್ವಾನನಿದ್ದ. ಜನಕ್ಕೆ ಅವನೆಂದರೆ ಬಹಳ ಪ್ರೀತಿ. ಕುಸ್ತಿ ಸಾಕು ಎಂದುಕೊಂಡಿದ್ದವನನ್ನು ವರ್ತಕ ಮನೆಗೇ ಹೋಗಿ ಕೇಳಿಕೊಂಡ. ಜನ ಇನ್ನೊಂದು ಸಲ ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾರೆ ಎಂದ. ಪೈಲ್ವಾನ ಇಲ್ಲ ಅನ್ನಲಾರದೆ ಒಪ್ಪಿದ. ಪರವೂರಿನ ಒಬ್ಬ ಯುವಕ ಅವನಿಗೆ ಜೋಡಿಯಾದ.

ಬರಹಗಾರ ಗರಡಿಗೆ ಹೋಗಿ ನೋಡಿದ. ಹಿರಿಯ ಪೈಲ್ವಾನನ ಕತ್ತು ಎಡಕ್ಕೆ ತಿರುಗುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ಬರಹಗಾರ ಅದನ್ನು ಗಮನಿಸಿದ್ದು ಪೈಲ್ವಾನನಿಗೂ ತಿಳಿಯಿತು. ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ.

ಟಿಕೆಟ್ ಆಗಲೇ ಮಾರಾಟವಾಗಿದ್ದವು. ಬರಹಗಾರ ಮೇಜಿನ ಮುಂದೆ ಕೂತು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಪೈಲ್ವಾನನ ಕತ್ತಿನ ವಿಷಯ ಅವನಿಗೇ ಗೊತ್ತಿಲ್ಲವೇ, ಗರಡಿಯಲ್ಲಿ ಪಟ್ಟು ಕಲಿಸುವ ವಸ್ತಾದನಿಗೆ ಗೊತ್ತಿಲ್ಲವೇ, ಅವರಿಗಿಲ್ಲದ ಚಿಂತೆ ನನಗೊಬ್ಬನಿಗೇ ಏಕೆ ಎಂದುಕೊಂಡ. ಕೊನೆಗೆ ಅಚ್ಚಾದದ್ದು ಇಷ್ಟು: ಒಂದು ಕಡೆ ಅನುಭವ, ಇನ್ನೊಂದು ಕಡೆ ಯೌವನ, ನಮ್ಮ ಊರು ಇಂಥ ಜೋಡಿ ನೋಡಿ ಬಹಳ ಕಾಲವಾಯಿತು.

ಪಂದ್ಯ ನಡೆಯಿತು. ಯುವಕ ಕತ್ತಿಗೆ ಪಟ್ಟು ಹಾಕಿ ಎತ್ತಿ ಒಗೆದ. ಬಿದ್ದ ಪೈಲ್ವಾನ ಏಳಲಿಲ್ಲ. ಜೀವ ಉಳಿಯಿತು, ಕೈಕಾಲಿನ ಸ್ವಾಧೀನ ಹೋಯಿತು.

ಬರಹಗಾರ ಅವನ ಮನೆಗೆ ಹೋದ. ಪೈಲ್ವಾನನ ಹೆಂಡತಿ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೇ ಅವನು ಹೋಗಿದ್ದ. ಅವಳು ಬೈಯಲಿಲ್ಲ. ಕುಳಿತುಕೊಳ್ಳಲು ಹೇಳಿ, ಬಟ್ಟಲು ಕೆಳಗಿಟ್ಟಳು.

"ಈ ಕುಸ್ತಿ ಬೇಡ ಎಂದು ನಾನು ಎಷ್ಟೋ ಹೇಳಿದೆ ಅಣ್ಣಾ. 'ನಾನೇ ಹಿಂದೆ ಸರಿದರೆ ಹೆದರಿದ ಅನ್ನುತ್ತಾರೆ. ಪತ್ರಿಕೆಯವರು ನನ್ನ ಕತ್ತು ನೋಡಿಕೊಂಡು ಹೋಗಿದ್ದಾರೆ, ಅವರು ಬರೆದರೆ ಮರ್ಯಾದೆಯಿಂದ ಬಿಟ್ಟುಬಿಡುತ್ತೇನೆ' ಅಂದರು ಇವರು. ಆ ವಾರ ನಿಮ್ಮ ಪತ್ರಿಕೆ ಬರುವುದನ್ನೇ ಇಬ್ಬರೂ ಕಾಯುತ್ತಿದ್ದೆವು."

ಹಾಸಿಗೆಯ ಮೇಲಿದ್ದವನು ಕಣ್ಣು ಮುಚ್ಚಿಕೊಂಡ.

ಬರಹಗಾರ ಅಲ್ಲಿಂದ ನೇರವಾಗಿ ವರ್ತಕನ ಬಳಿಗೆ ಹೋದ. ಕತ್ತು ಕೆಟ್ಟವನನ್ನು ಅಖಾಡಕ್ಕೆ ಇಳಿಸಿದಿರಲ್ಲ ಎಂದು ಕೇಳಿದ. ವರ್ತಕನ ಮುಖವೂ ನಿದ್ದೆಗೆಟ್ಟವನ ಮುಖದಂತಿತ್ತು.

"ಗರಡಿಗೆ ಹೋಗಿ ನೋಡುವವರು ನೀವು," ಎಂದ ವರ್ತಕ. "ನಾನೂ ನಿಮ್ಮ ಪತ್ರಿಕೆ ಓದಿಯೇ ಧೈರ್ಯ ಮಾಡಿದೆ."

ಅದು ನಿಜವೋ ಅಲ್ಲವೋ ಬರಹಗಾರನಿಗೆ ತಿಳಿಯಲಿಲ್ಲ.

ಮುಂದಿನ ವಾರ ಅವನು ಎಲ್ಲವನ್ನೂ ಬರೆದ. ತಾನು ಕಂಡದ್ದನ್ನೂ ಬರೆದ, ಕಂಡು ಬರೆಯದೆ ಬಿಟ್ಟದ್ದನ್ನೂ ಬರೆದ. ವರ್ತಕ ಅದರಲ್ಲಿಯೂ ಒಂದು ಅಕ್ಷರ ತಿದ್ದಲಿಲ್ಲ. ಜನ ಓದಿದರು. ಆ ಯುವಕನ ಮುಂದಿನ ಕುಸ್ತಿಗೆ ಟಿಕೆಟ್ ಹೋಗಲಿ ಎಂದು ವರ್ತಕನೇ ಬರೆಸಿದ್ದಾನೆ ಎಂದು ಚಹಾದಂಗಡಿಗಳಲ್ಲಿ ಮಾತಾಡಿಕೊಂಡರು. ಟಿಕೆಟ್ ಚೆನ್ನಾಗಿಯೇ ಹೋದವು.

ಬರಹಗಾರ ಕೆಲಸ ಬಿಡಲಿಲ್ಲ. ಬಿಟ್ಟು ಹೋಗಿ ಬರೆಯಲು ಆ ಊರಿನಲ್ಲಿ ಬೇರೆ ಪತ್ರಿಕೆ ಇರಲಿಲ್ಲ. ಗರಡಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿದ. ಯಾರು ಗೆದ್ದರು, ಯಾರು ಸೋತರು ಎಂದಷ್ಟೇ ಬರೆಯುತ್ತ ಮುದುಕನಾದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಯೋಚಿಸಿ ಹೇಳಿದ: "ನಾನು ಹಾಗಾಗಲು ಬಿಡುವುದಿಲ್ಲ ಗುರುಗಳೇ. ಒಂದೊಂದು ಮಾತನ್ನೂ ಎಚ್ಚರದಿಂದ ಬರೆಯುತ್ತೇನೆ."

"ಅವನೂ ಎಚ್ಚರದಿಂದಲೇ ಬರೆದನಪ್ಪ," ಎಂದರು ಗುರುಗಳು.